ಉಪ್ಪುನೀರಿನ ಟ್ಯಾಂಕಲ್ಲಿ ಕಡಲಪಾಚಿ ಬೆಳೆಸೋದು, ಕೊಯ್ಯೋದು: ನನ್ನ ಅನುಭವ

ನನ್ನ ಟ್ಯಾಂಕ್ ಬೆಂಗಳೂರಿನ ಮನೇಲಿದೆ, ಸುಮಾರು 200 ಲೀಟರ್ ನೀರು, ಸ್ಟ್ಯಾಂಡ್ ಒಳಗಡೆ ಒಂದು ಸಂಪ್, ಅಂದ್ರೆ ಮೇಲಿನ ಟ್ಯಾಂಕಿನ ನೀರು ಇಳಿದು ಬಂದು ಪಂಪಲ್ಲಿ ವಾಪಸ್ ಹೋಗೋ ಕೆಳಗಿನ ತೊಟ್ಟಿ, ಆ ಸಂಪಿನಲ್ಲಿ ಒಂದು ಖಾನೆ ಪೂರ್ತಿ ಪಾಚಿಗೇ ಬಿಟ್ಟಿದೀನಿ, ರೆಫ್ಯೂಜಿಯಂ ಅಂತಾರಲ್ಲ ಅದು. ಹವಳ ಇಟ್ಟಿಲ್ಲ. ಗಟ್ಟಿ ಹವಳಗಳೆಲ್ಲ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಲ್ಲಿವೆ, ಹುಲಿಗೆ ಇರೋ ರಕ್ಷಣೆಯೇ ಅವಕ್ಕೂ ಇದೆ, ನಮ್ಮ ಸಮುದ್ರದಿಂದ ಕಿತ್ತು ತಂದಿದ್ದನ್ನ ಯಾರೇ ಮಾರಿದ್ರೂ ನಾನಂತೂ ಮುಟ್ಟಲ್ಲ. ಮೇಲಿನ ಟ್ಯಾಂಕಲ್ಲಿ ಗ್ರಾಸಿಲೇರಿಯಾ ಅನ್ನೋ ಕೆಂಪು ಪಾಚಿ, ಕೆಳಗೆ ಕೀಟೊಮಾರ್ಫಾ ಅನ್ನೋ ಹಸಿರು ಪಾಚಿ, ಅದನ್ನ ನಾವೆಲ್ಲ ಕೀಟೋ ಅಂತೀವಿ. ಇದನ್ನೇ ಚೆನ್ನಾಗಿ ಬೆಳೆಸಿದ್ರೆ ಕಣ್ಣಿಗೆ ಏನೂ ಕಮ್ಮಿ ಅನ್ಸಲ್ಲ.

ಮೊದಲು ಒಂದು ವಿಷಯ ಹೇಳ್ಬಿಡ್ತೀನಿ. ಪಾಚಿ ತಂದು ಹಾಕಿಬಿಟ್ರೆ ನೀರು ತಾನಾಗೇ ಕ್ಲೀನ್ ಆಗತ್ತೆ ಅಂತ ತುಂಬಾ ಜನ ಅನ್ಕೊಂಡಿರ್ತಾರೆ, ಆದ್ರೆ ಮೀನಿಗೆ ಹಾಕಿದ ಆಹಾರದಿಂದ ಬರೋ ನೈಟ್ರೇಟು ಫಾಸ್ಫೇಟು ಪಾಚಿ ಮೈಯೊಳಗೆ ಸೇರ್ಕೊಳತ್ತೆ ಅಷ್ಟೇ, ಟ್ಯಾಂಕ್ ಬಿಟ್ಟು ಎಲ್ಲೂ ಹೋಗಿರಲ್ಲ, ಪಾಚಿ ಕೊಳೆತ್ರೆ ಎಲ್ಲಾ ವಾಪಸ್ ನೀರಿಗೇ ಬರತ್ತೆ. ಕೊಯ್ದು ಹೊರಗೆ ತೆಗೆದಾಗ್ಲೇ ಅದು ಹೋದಂಗೆ. ಹಂಗಾಗಿ ನಾನು ಇದನ್ನ ಫಿಲ್ಟರ್ ಅಂತ ನೋಡಲ್ಲ, ಬೆಳೆ ಅಂತಲೇ ನೋಡ್ತೀನಿ. ಬೆಳೆ ಅಂದ್ಮೇಲೆ ಗೊಬ್ಬರ, ಬೆಳಕು, ಕೊಯ್ಲು ಮೂರೂ ಬೇಕು.

ನೀರಿನ ಬಗ್ಗೆ ಸ್ವಲ್ಪ. ಮನೇಲಿ ಕುಡಿಯೋಕಿರೋ ಆರ್‌ಓ ಮಷಿನ್ನಿನ ನೀರು ಆಗುತ್ತಾ ಅಂತ ಕೇಳ್ತಾರೆ. ಅದ್ರಲ್ಲಿ ತುಂಬಾ ಮಾಡೆಲ್‌ಗಳಿಗೆ ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಪ್ರಮಾಣ) ಕಂಟ್ರೋಲರ್ ಇರತ್ತೆ, ರುಚಿಗೆ ಅಂತ ಮೆಂಬ್ರೇನ್ ದಾಟದೇ ಇರೋ ನೀರನ್ನೇ ಸ್ವಲ್ಪ ಬೆರೆಸತ್ತೆ, ಬೋರ್‌ವೆಲ್ ನೀರಾಗಿದ್ರೆ ಅದ್ರ ಜೊತೆ ಏನೇನು ಬರತ್ತೋ. ನಾನು ಮೆಂಬ್ರೇನ್ ಆದ್ಮೇಲೆ ಉಳಿದ ಲವಣಗಳನ್ನೂ ಹಿಡಿಯೋ ಡಿಐ ರೆಸಿನ್ ಇಟ್ಟು, ಟಿಡಿಎಸ್ ಮೀಟರಲ್ಲಿ ಸೊನ್ನೆ ಬಂದ್ರೇನೇ ಉಪ್ಪು ಕಲಸೋದು, ಸ್ಪೆಸಿಫಿಕ್ ಗ್ರಾವಿಟಿ (ಸಿಹಿನೀರಿಗೆ ಹೋಲಿಸಿದ ಸಾಂದ್ರತೆ) 1.025 ಬರೋ ಹಾಗೆ.

ಬೆಳಕು ರಾತ್ರಿ ಹೊತ್ತು ಕೊಡ್ತೀನಿ. ಮೇಲಿನ ಲೈಟ್ ಆಫ್ ಆದ್ಮೇಲೆ ಕೆಳಗಿಂದು ಆನ್, ಟೈಮರ್ ಹಾಕಿದೀನಿ. ಕಾರಣ ಏನಂದ್ರೆ ಕತ್ತಲಲ್ಲಿ ಮೀನು, ಪಾಚಿ, ಬ್ಯಾಕ್ಟೀರಿಯಾ ಎಲ್ಲಾ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿ ಪಿಎಚ್ ಇಳಿಯತ್ತೆ, ಅದೇ ಹೊತ್ತಲ್ಲಿ ಕೆಳಗಿನ ಪಾಚಿ ಆ ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡು ಆಕ್ಸಿಜನ್ ಬಿಡ್ತಿದ್ರೆ ಇಳಿತ ಕಮ್ಮಿ. ರಾತ್ರಿ ಕರೆಂಟ್ ಹೋದ್ರೆ ಮಾತ್ರ ಈ ಲೆಕ್ಕ ಉಲ್ಟಾ, ಪಾಚಿನೂ ಆಕ್ಸಿಜನ್ ಕುಡಿಯೋ ಕಡೆ ಸೇರ್ಕೊಳತ್ತೆ, ಅದಕ್ಕೆ ಯುಪಿಎಸ್‌ಗೆ ಬೇರೇನಿಲ್ಲದಿದ್ರೂ ಒಂದು ಏರ್ ಪಂಪ್ ಸಿಕ್ಸಿರಲೇಬೇಕು.

ಈಗ ಗೊಬ್ಬರ. ಇದು ಕೇಳಿದ್ರೆ ಆಶ್ಚರ್ಯ ಪಡ್ತಾರೆ, ನೈಟ್ರೇಟ್ ಕಮ್ಮಿ ಮಾಡೋಕೆ ಪಾಚಿ ಇಟ್ಕೊಂಡು ಮತ್ತೆ ನೈಟ್ರೇಟ್ ಹಾಕೋದಾ ಅಂತ. ಕಡಲಪಾಚಿಗಳ ಮೈಯಲ್ಲಿ ಸರಾಸರಿ ಒಂದು ಫಾಸ್ಫರಸ್ ಪರಮಾಣುವಿಗೆ 30ರಷ್ಟು ನೈಟ್ರೋಜನ್ ಇರತ್ತೆ, ಪ್ಲಾಂಕ್ಟನ್‌ಗೆ 16 ಅಷ್ಟೇ. ಅಂದ್ರೆ ಪಾಚಿ ಜೋರಾಗಿ ಬೆಳೆಯೋ ಟ್ಯಾಂಕಲ್ಲಿ ನೈಟ್ರೇಟ್ ಮೊದಲು ಖಾಲಿಯಾಗತ್ತೆ, ಫಾಸ್ಫೇಟ್ ಉಳಿಯತ್ತೆ, ಪಾಚಿ ಬೆಳವಣಿಗೆ ನಿಲ್ಲತ್ತೆ, ಆಮೇಲೆ ಗಾಜಿನ ಮೇಲೆ ಬೇಡದ ಲೋಳೆ ಶುರು. ನಾನು ನೈಟ್ರೇಟ್ 5ರಿಂದ 10 ಪಿಪಿಎಂ (ಹೆಚ್ಚುಕಮ್ಮಿ ಲೀಟರಿಗೆ ಇಷ್ಟು ಮಿಲಿಗ್ರಾಂ) ಒಳಗೆ ಇಟ್ಕೋತೀನಿ, ಟೆಸ್ಟಲ್ಲಿ ಸೊನ್ನೆ ಕಡೆ ಹೋದ್ರೆ ಪೊಟ್ಯಾಸಿಯಂ ನೈಟ್ರೇಟ್. 100 ಲೀಟರಿಗೆ 1.6 ಗ್ರಾಂ ಹಾಕಿದ್ರೆ ಹತ್ತಿರ ಹತ್ತಿರ 10 ಪಿಪಿಎಂ ಏರತ್ತೆ, ಆದ್ರೆ ಒಂದೇ ಸಲ ಸುರಿಬೇಡಿ, ಕರಗಿಸಿಟ್ಕೊಂಡು ದಿನಾ ಸ್ವಲ್ಪ ಸ್ವಲ್ಪ. ಗೊಬ್ಬರದಂಗಡಿಯ 13-0-45 ಕೂಡ ಇದೇ ವಸ್ತು, ಆದ್ರೂ ಮೀನಿರೋ ನೀರಿಗೆ ನಾನು ಲ್ಯಾಬ್ ಗ್ರೇಡೇ ತಗೊಳೋದು. ನೈಟ್ರೇಟ್ ಸರಿ ಇದ್ದೂ ಪಾಚಿ ಬಿಳಚಿಕೊಂಡು ಹಳದಿ ತಿರುಗಿದ್ರೆ ಕಬ್ಬಿಣದ ಕೊರತೆ ಅಂತ ಅನುಮಾನ ಪಡ್ತೀನಿ, ಕೀಲೇಟೆಡ್ ಐರನ್ (ನೀರಲ್ಲಿ ಕರಗೇ ಉಳಿಯೋ ರೂಪದ ಕಬ್ಬಿಣ) ಒಂದೆರಡು ಹನಿ.

ಕೊಯ್ಲು ನನಗೆ ಅತೀ ಇಷ್ಟದ ಕೆಲಸ. ಕೀಟೋ ಅಂದ್ರೆ ಪಾತ್ರೆ ಉಜ್ಜೋ ನಾರಿನ ಹಾಗೆ ಗಟ್ಟಿ ಹಸಿರು ದಾರಗಳ ಉಂಡೆ, ಬೇರಿಲ್ಲ, ಎಲ್ಲೂ ಅಂಟ್ಕೊಳಲ್ಲ. ಉಂಡೆ ದೊಡ್ಡದಾದಂಗೆ ಒಳಗಡೆ ಬೆಳಕು ಹೋಗದೇ ನಡುಭಾಗ ಮೆತ್ತಗಾಗಿ ಕೊಳೆಯೋಕೆ ಶುರುವಾಗತ್ತೆ, ಅದಕ್ಕೆ ಮುಂಚೆನೇ ತೆಗೀಬೇಕು. ಬಕೆಟಲ್ಲಿ ಟ್ಯಾಂಕಿನದೇ ನೀರು ಹಾಕಿ, ಉಂಡೆನ ಅದ್ರಲ್ಲಿ ಮೆಲ್ಲಗೆ ಜಾಲಾಡಿಸ್ತೀನಿ. ಕಪ್ಪು ಮಡ್ಡಿ ಇಳಿಯತ್ತೆ, ಅದ್ರ ಜೊತೆ ಸಿಗಡಿ ಜಾತಿಯ ಪುಟ್ಟ ಜೀವಿಗಳು, ಸಾಸಿವೆಗಿಂತ ಚಿಕ್ಕ ಕೋಪೆಪಾಡ್‌ಗಳು, ಬಾಗಿದ ಮೈಯಿನ ಆಂಫಿಪಾಡ್‌ಗಳು, ಉದುರಿ ಬಕೆಟ್ ತುಂಬಾ ಓಡಾಡ್ತವೆ, ಟಾರ್ಚ್ ಬಿಟ್ರೆ ಕೆಲವು ಬೆಳಕಿನ ಕಡೆ ಗುಂಪು ಕಟ್ತವೆ, ಅವನ್ನ ಡ್ರಾಪರಲ್ಲಿ ಎತ್ತಿ ಮೇಲಿನ ಟ್ಯಾಂಕಿಗೆ ಬಿಟ್ರೆ ಮೀನುಗಳಿಗೆ ಹಬ್ಬ. ಆಮೇಲೆ ಉಂಡೆನ ಕೈಯಲ್ಲೇ ಬಿಡಿಸಿ ಗಟ್ಟಿ ಹೊಳಪಿರೋ ಅರ್ಧ ಇಟ್ಕೊಂಡು ಕಂದುಬಣ್ಣದ ಲೋಳೆ ಹತ್ತಿದ್ದನ್ನ ಎಸೀತೀನಿ. ಕತ್ತರಿ ಹಾಕಿದ್ರೆ ಚೂರುಗಳಾಗಿ ರಿಟರ್ನ್ ಪಂಪ್‌ಗೆ ಸಿಕ್ಕೊಳತ್ತೆ. ಗ್ರಾಸಿಲೇರಿಯಾ ಕೊಯ್ದಿದ್ದು ಎಸೆಯೋದಿಲ್ಲ, ಪಾಚಿ ತಿನ್ನೋ ಟ್ಯಾಂಗ್ ಮೀನು ಇದ್ರೆ ಅದಕ್ಕೇ ಊಟ.

ಕಲೆರ್ಪಾ ಅನ್ನೋ ಇನ್ನೊಂದು ಹಸಿರು ಕಡಲಪಾಚಿ ಹಾಕ್ಲಾ ಅಂತ ಕೇಳಿದ್ರೆ ಬೇಡ ಅಂತೀನಿ. ನೋಡೋಕೆ ಬಲು ಚಂದ, ಬೆಳೆಯೋ ವೇಗನೂ ಜಾಸ್ತಿ, ಆದ್ರೆ ಇಡೀ ಗಿಡ ಒಂದೇ ಜೀವಕೋಶ, ಒಳಗೆ ಅಡ್ಡಗೋಡೆಗಳೇ ಇಲ್ಲ. ಸಂತಾನಕ್ಕೆ ಬಂದ್ರೆ ಮೈಯಲ್ಲಿರೋದೆಲ್ಲ ಒಟ್ಟಿಗೇ ನೀರಿಗೆ ಬಿಟ್ಟು ಗಾಜಿನಂತೆ ಬಿಳಿ ಸಿಪ್ಪೆಯಾಗಿ ಉಳಿಯತ್ತೆ, ನೀರೆಲ್ಲ ಹಸಿರು ಹಾಲಾಗತ್ತೆ, ಆಕ್ಸಿಜನ್ ಕುಸಿಯತ್ತೆ. ಈಗಾಗ್ಲೇ ಇಟ್ಕೊಂಡಿರೋರು ತುದಿಗಳ ಮೇಲೆ ಕಣ್ಣಿಡಿ, ಬಣ್ಣ ಒಡೆದು ಬಲೆಬಲೆ ಥರ ಕಂಡ್ರೆ ಅವತ್ತೇ ತೆಗೆದ್ಬಿಡಿ, ಬಳ್ಳಿನ ಕತ್ತರಿಸದೇ ಉದ್ದಕ್ಕೂ ಎಳೆದು ತೆಗೀರಿ.

ಕೊಯ್ದಿದ್ದನ್ನ ಚರಂಡಿಗೆ, ಹಳ್ಳಕ್ಕೆ ಹಾಕೋದು ಮಾತ್ರ ಬೇಡವೇ ಬೇಡ, ಮಂಗಳೂರು, ಉಡುಪಿ, ಕಾರವಾರದ ಕಡೆ ಇರೋರಂತೂ ಕೇಳ್ಲೇಬೇಕು. ಕಲೆರ್ಪಾ ಟ್ಯಾಕ್ಸಿಫೋಲಿಯಾ ಅನ್ನೋ ಅಕ್ವೇರಿಯಂ ತಳಿ 1984ರಲ್ಲಿ ಮೊನಾಕೋ ಹತ್ರ ಸಮುದ್ರದಲ್ಲಿ ಕಾಣಿಸ್ಕೊಂಡಿದ್ದು ಮೆಡಿಟರೇನಿಯನ್ ತಳದಲ್ಲಿ ಸಾವಿರಾರು ಹೆಕ್ಟೇರ್ ಹಬ್ಬಿತು, 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿದ್ದನ್ನ ಟಾರ್ಪಾಲ್ ಮುಚ್ಚಿ ಕ್ಲೋರಿನ್ ಹಾಕಿ ಪೂರ್ತಿ ಅಳಿಸೋಕೆ 2006ರ ತನಕ ಹಿಡೀತು. ನಾನು ಕೊಯ್ದಿದ್ದನ್ನ ಸಿಹಿನೀರಲ್ಲಿ ಒಂದು ರಾತ್ರಿ ನೆನೆಸಿ, ಎರಡು ಮೂರು ಸಲ ತೊಳೆದು ಉಪ್ಪು ಬಿಡಿಸಿ, ಟೆರೇಸಲ್ಲಿ ಗರಿಗರಿ ಒಣಗಿಸಿ ಕಾಂಪೋಸ್ಟ್ ಡ್ರಮ್ಮಿಗೆ ಹಾಕ್ತೀನಿ. ತೊಳೆಯೋದು ಬಿಟ್ರೆ ಕುಂಡದ ಗಿಡಗಳ ಎಲೆ ಅಂಚು ಸುಡತ್ತೆ, ಅದೊಂದು ನೋಡ್ಕೊಳ್ಳಿ.