ಹಿಟ್ ಹಾಡುಗಳ ಲೆಕ್ಕ: ವಾರವಾರದ ಚಾರ್ಟನ್ನು ನಾನು ಬರೆದಿಡುವ ಬಗೆ

ಪಾಪ್ ಚಾರ್ಟುಗಳ ಲೆಕ್ಕ ಇಡಲು ಕೂತವರು ಮೊದಲು ಎಡವುವುದು ತಾರೀಖಿನಲ್ಲಿ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100 ಪಟ್ಟಿಯ ನೆತ್ತಿಯ ಮೇಲಿರುವ ದಿನಾಂಕ ಒಂದು, ಆ ಪಟ್ಟಿಗಾಗಿ ಎಣಿಕೆ ನಡೆದ ವಾರ ಇನ್ನೊಂದು. ಎಣಿಕೆ ಶುಕ್ರವಾರ ಶುರುವಾಗಿ ಗುರುವಾರ ಮುಗಿಯುತ್ತದೆ. ಪಟ್ಟಿಗೆ ಹಾಕುವ ದಿನಾಂಕ ಅದಾದ ಮುಂದಿನ ವಾರದ ಶನಿವಾರದ್ದು, ಅಂದರೆ ಎಣಿಕೆ ಮುಗಿದ ಗುರುವಾರಕ್ಕೆ 9 ದಿನ ಸೇರಿಸಬೇಕು. ಬ್ರಿಟನ್ನಿನ ಅಫಿಷಿಯಲ್ ಸಿಂಗಲ್ಸ್ ಚಾರ್ಟಿನಲ್ಲೂ ಎಣಿಕೆ ಶುಕ್ರವಾರದಿಂದ ಗುರುವಾರದವರೆಗೇ. ಆದರೆ ಅಲ್ಲಿ ಮಾರನೆಯ ದಿನವೇ ಪಟ್ಟಿ ಹೊರಬರುತ್ತದೆ, ಆ ದಿನದ ತಾರೀಖನ್ನೇ ಹೊರುತ್ತದೆ. ಹೀಗಾಗಿ ಒಂದೇ ವಾರ ಜನ ಕೇಳಿದ್ದನ್ನು ಅಳೆದ ಎರಡು ಪಟ್ಟಿಗಳ ತಾರೀಖಿನ ನಡುವೆ 8 ದಿನದ ಅಂತರ ಬೀಳುತ್ತದೆ. ದಿನಾಂಕ ನೋಡಿ ಸಾಲು ಹೊಂದಿಸಿದರೆ ಹಾಡು ಒಂದು ದೇಶದಲ್ಲಿ ಮೊದಲು ಏರಿ ಇನ್ನೊಂದರಲ್ಲಿ ತಡವಾಗಿ ಏರಿದಂತೆ ಕಾಣುತ್ತದೆ. ಆಗಿರುವುದು ಹಾಗಲ್ಲ.

ಅದಕ್ಕೇ ನನ್ನ ಶೀಟಿನ ಮೊದಲ ಕಾಲಂ ಪಟ್ಟಿಯ ದಿನಾಂಕವಲ್ಲ, ಎಣಿಕೆ ಮುಗಿದ ಗುರುವಾರ. ಒಂದು ಉದಾಹರಣೆ. ಕೇಟ್ ಬುಷ್ ಅವರ 1985ರ ಹಾಡು ‘ರನ್ನಿಂಗ್ ಅಪ್ ದಟ್ ಹಿಲ್’ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯಲ್ಲಿ ಬಂದದ್ದರಿಂದ ಮತ್ತೆ ಎದ್ದಿತು. ಸರಣಿಯ ಹೊಸ ಕಂತುಗಳು ಬಿಡುಗಡೆಯಾದದ್ದು 2022ರ ಮೇ 27, ಶುಕ್ರವಾರ. ಎಣಿಕೆ ಮುಗಿದದ್ದು ಜೂನ್ 2ರ ಗುರುವಾರ. ಜೂನ್ 3ರ ಬ್ರಿಟನ್ ಪಟ್ಟಿಯಲ್ಲಿ ಹಾಡು 8ನೇ ಸ್ಥಾನದಲ್ಲಿತ್ತು, ಜೂನ್ 11ರ ಹಾಟ್ 100ರಲ್ಲೂ 8ನೇ ಸ್ಥಾನದಲ್ಲೇ ಇತ್ತು. ಜೂನ್ 2 ಎಂಬ ಒಂದೇ ಸಾಲಿನಲ್ಲಿ ಎರಡನ್ನೂ ಬರೆದಾಗ ಎರಡು ದೇಶಗಳ ಕೇಳುಗರು ಒಟ್ಟಿಗೇ ಓಗೊಟ್ಟದ್ದು ಕಣ್ಣಿಗೆ ಬೀಳುತ್ತದೆ. ಒಂದು ಎಚ್ಚರ: ಈ 9 ದಿನದ ಸೂತ್ರ 2018ರ ಜನವರಿಗಿಂತ ಹಿಂದಿನ ಪಟ್ಟಿಗಳಿಗೆ ಹೊಂದುವುದಿಲ್ಲ, 2015ರ ಜುಲೈಗಿಂತ ಹಿಂದಿನವುಗಳಿಗೆ ಎಣಿಕೆಯ ವಾರವೇ ಬೇರೆ. ಹೊಸ ಹಾಡುಗಳ ಬಿಡುಗಡೆ ಜಗತ್ತಿನಾದ್ಯಂತ ಶುಕ್ರವಾರಕ್ಕೆ ಬಂದದ್ದು ಆಗಲೇ. ಎಣಿಕೆಯ ವಾರವೂ ಅದರ ಜೊತೆಗೇ ಸರಿಯಿತು.

ಉಳಿದ ಕಾಲಂಗಳು ಸರಳ: ಈ ವಾರದ ಸ್ಥಾನ, ಹಿಂದಿನ ವಾರದ ಸ್ಥಾನ, ಮುಟ್ಟಿದ ಅತಿ ಎತ್ತರದ ಸ್ಥಾನ, ಆ ಸ್ಥಾನದಲ್ಲಿ ಕಳೆದ ವಾರಗಳು, ಪಟ್ಟಿಯಲ್ಲಿ ಒಟ್ಟು ವಾರಗಳು. ಕೊನೆಯ ಕಾಲಂ ‘ಕಾರಣ’. ಇದನ್ನು ಖಾಲಿ ಬಿಡುವವರೇ ಹೆಚ್ಚು. ಆದರೆ ಆರು ತಿಂಗಳು ಬಿಟ್ಟು ತೆರೆದು ನೋಡಿದಾಗ ಮಾತಾಡುವುದು ಅದೊಂದೇ. ವಿಡಿಯೊ ಬಂತೇ, ರೀಮಿಕ್ಸ್ ಬಂತೇ, ಪ್ರಶಸ್ತಿ ಸಮಾರಂಭದಲ್ಲಿ ಹಾಡಿದರೇ, ಸಿಡಿ ಮಾರಾಟಕ್ಕೆ ಬಿಟ್ಟರೇ ಎಂಬುದನ್ನು ಅದೇ ವಾರ ನಾಲ್ಕು ಪದದಲ್ಲಿ ಬರೆದುಬಿಡಬೇಕು.

ಇನ್ನು ಸ್ಟ್ರೀಮಿಂಗ್‌ನ ತೂಕ. ಒಂದು ಸಲ ಕೇಳಿದ್ದು ಎಂದರೆ ಎಲ್ಲ ಕಡೆ ಒಂದೇ ಬೆಲೆಯಲ್ಲ. ಬ್ರಿಟನ್ನಿನಲ್ಲಿ 2018ರ ಜುಲೈಯಿಂದ, ಹಣ ಕಟ್ಟಿ ಕೇಳುವವರ 100 ಸ್ಟ್ರೀಮಿಗೆ ಒಂದು ಮಾರಾಟ, ಜಾಹೀರಾತಿನ ಜೊತೆ ಪುಕ್ಕಟೆ ಕೇಳುವವರ 600 ಸ್ಟ್ರೀಮಿಗೆ ಒಂದು ಮಾರಾಟ ಎಂದು ಲೆಕ್ಕ. ಲೆಕ್ಕದ ಅನುಕೂಲಕ್ಕೆ ಒಂದು ಹಾಡಿಗೆ ವಾರದಲ್ಲಿ 40 ಲಕ್ಷ ಪ್ರೀಮಿಯಂ ಸ್ಟ್ರೀಮು, 6 ಲಕ್ಷ ಪುಕ್ಕಟೆ ಸ್ಟ್ರೀಮು ಬಂದಿದೆ ಎಂದುಕೊಳ್ಳಿ. ಮೊದಲನೆಯದಕ್ಕೆ 40,000 ಯೂನಿಟ್, ಎರಡನೆಯದಕ್ಕೆ 1,000. ಒಟ್ಟು 41,000. ಈಗ ಅದೇ ಹಾಡು ಕೆಲವು ವಾರ ಪಟ್ಟಿಯಲ್ಲಿದ್ದು, ಸತತ 3 ವಾರ ಇಳಿಮುಖವಾಯಿತು ಎನ್ನಿ. ಆಗ ಅದರ ಮೇಲೆ ಎಸಿಆರ್ (ಆಕ್ಸಿಲರೇಟೆಡ್ ಚಾರ್ಟ್ ರೇಶಿಯೊ) ಎಂಬ, ಸ್ಟ್ರೀಮಿನ ಬೆಲೆಯನ್ನು ಅರ್ಧಕ್ಕೆ ಇಳಿಸುವ ನಿಯಮ ಬೀಳುತ್ತದೆ. 100ರ ಜಾಗದಲ್ಲಿ 200, 600ರ ಜಾಗದಲ್ಲಿ 1,200. ಕೇಳಿದವರು ಅಷ್ಟೇ ಮಂದಿ, ಯೂನಿಟ್ ಮಾತ್ರ 20,500ಕ್ಕೆ ಇಳಿಯುತ್ತದೆ. 4ನೇ ಸ್ಥಾನದಲ್ಲಿದ್ದ ಹಾಡು ಒಂದೇ ವಾರದಲ್ಲಿ 15ರ ಆಚೆ ಜಾರಿದರೆ ಜನ ಅದನ್ನು ಬಿಟ್ಟುಬಿಟ್ಟರು ಎಂದು ತೀರ್ಮಾನಿಸುವ ಮೊದಲು ಇದನ್ನು ನೋಡಬೇಕು. ನಾನು ಆ ಸಾಲಿಗೆ ಬೂದು ಬಣ್ಣ ಹಚ್ಚಿ ‘ಎಸಿಆರ್’ ಎಂದು ಬರೆಯುತ್ತೇನೆ.

ಹಳೆಯ ಹಾಡುಗಳ ಮೇಲೆ ಈ ನಿಯಮ ಮೊದಲಿನಿಂದಲೇ ಕೂತಿರುತ್ತದೆ. ಕೇಟ್ ಬುಷ್ ಹಾಡಿಗೂ ಇದೇ ಅಡ್ಡ ಬಂದಿತ್ತು. ಎರಡನೇ ವಾರ ಅದು 2ನೇ ಸ್ಥಾನದಲ್ಲಿ ನಿಂತಿತು. ಹಾಡಿಗೆ ಎಸಿಆರ್‌ನಿಂದ ವಿನಾಯಿತಿ ಸಿಕ್ಕ ಮೇಲೆ ಜೂನ್ 17ರ ಪಟ್ಟಿಯಲ್ಲಿ ನಂಬರ್ ಒನ್ ಆಯಿತು, ಬಿಡುಗಡೆಯಾದ 37 ವರ್ಷಕ್ಕೆ. ಬರೀ 8, 2, 1 ಎಂದು ಬರೆದಿಟ್ಟರೆ ಇದಾವುದೂ ತಿಳಿಯದು.

ಹಾಟ್ 100ರ ಅಡುಗೆಯೇ ಬೇರೆ. ಅಲ್ಲಿ ಸ್ಟ್ರೀಮಿಂಗ್, ಮಾರಾಟ, ರೇಡಿಯೊ ಮೂರೂ ಸೇರುತ್ತವೆ. ಬ್ರಿಟನ್ ಪಟ್ಟಿಯಲ್ಲಿ ರೇಡಿಯೊಗೆ ಜಾಗವಿಲ್ಲ. ಎರಡು ದೇಶಗಳಲ್ಲಿ ಒಂದೇ ಹಾಡು ಬೇರೆ ಬೇರೆ ವೇಗದಲ್ಲಿ ಇಳಿಯಲು ಇದೇ ದೊಡ್ಡ ಕಾರಣ. ಸ್ಟ್ರೀಮಿಂಗ್ ಮೊದಲ ವಾರದಲ್ಲೇ ಉಕ್ಕುತ್ತದೆ, ಮಾರಾಟ ಒಂದೆರಡು ವಾರ ಮಿಂಚಿ ಹೋಗುತ್ತದೆ, ರೇಡಿಯೊ ನಿಧಾನಕ್ಕೆ ಏರಿ ಎಷ್ಟೋ ವಾರದ ನಂತರ ತುದಿ ಮುಟ್ಟುತ್ತದೆ. ಅಮೆರಿಕದಲ್ಲಿ ಹಾಡೊಂದು ಹತ್ತು ಹನ್ನೆರಡು ವಾರ ಟಾಪ್ ಟೆನ್‌ನಲ್ಲಿ ಅಲುಗಾಡದೆ ಕೂತಿದ್ದರೆ ಅದನ್ನು ಹಿಡಿದಿರುವುದು ಸಾಮಾನ್ಯವಾಗಿ ರೇಡಿಯೊ. ನಾನು ಈ ಮೂರಕ್ಕೂ ಬೇರೆ ಕಾಲಂ ಇಟ್ಟು, ಬಿಲ್‌ಬೋರ್ಡಿನದೇ ಮೂರು ಉಪಪಟ್ಟಿಗಳ ಸ್ಥಾನ ತುಂಬುತ್ತೇನೆ. ರೇಡಿಯೊ ಸಾಂಗ್ಸ್ ಪಟ್ಟಿ ಅಳೆಯುವುದು ಕೇಳುಗರ ಸಂಖ್ಯೆಯನ್ನು. ಪಾಪ್ ಏರ್‌ಪ್ಲೇ ಎಂಬ ಇನ್ನೊಂದು ರೇಡಿಯೊ ಪಟ್ಟಿ ಅಳೆಯುವುದು ಹಾಡು ಎಷ್ಟು ಸಲ ಬಿತ್ತರವಾಯಿತು ಎಂಬುದನ್ನು. ಈ ಎರಡನ್ನು ಒಂದೇ ಕಾಲಂಗೆ ಸುರಿಯಬಾರದು.

ಸ್ಥಾನ ಹೋಲಿಕೆಯ ಸಂಖ್ಯೆ ಎಂಬುದನ್ನು ಮರೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. 2024ರ ಮೇ 4ರ ಹಾಟ್ 100ರಲ್ಲಿ ಟೇಲರ್ ಸ್ವಿಫ್ಟ್ ಅವರ ಹಾಡುಗಳು ಮೊದಲ 14 ಸ್ಥಾನಗಳನ್ನೂ ತುಂಬಿದವು. ಹಿಂದಿನ ವಾರದ ನಂಬರ್ ಒನ್ ಹಾಡು ಒಬ್ಬ ಕೇಳುಗನನ್ನೂ ಕಳೆದುಕೊಳ್ಳದಿದ್ದರೂ ಆ ವಾರ 15ರ ಮೇಲೆ ಏರುವಂತಿರಲಿಲ್ಲ. ಇಂಥ ವಾರಗಳನ್ನು ಶೀಟಿನಲ್ಲಿ ಉದ್ದಕ್ಕೂ ಹಳದಿ ಮಾಡಿ ‘ಆಲ್ಬಂ ವಾರ’ ಎಂದು ಗುರುತಿಸುತ್ತೇನೆ. ಬ್ರಿಟನ್ನಿನಲ್ಲಿ 2017ರ ಮಾರ್ಚಿನಲ್ಲಿ ಎಡ್ ಶೀರನ್ ಅವರ 16 ಹಾಡುಗಳು ಟಾಪ್ 20ರೊಳಗೆ ಬಂದ ಮೇಲೆ, ಅದೇ ವರ್ಷ ಒಬ್ಬ ಮುಖ್ಯ ಕಲಾವಿದರಿಗೆ 3 ಹಾಡಿನ ಮಿತಿ ತಂದರು. ಹಾಗಾಗಿ ಅಲ್ಲಿ ನಾಲ್ಕನೆಯ ಹಾಡು ಪಟ್ಟಿಯಲ್ಲಿ ಕಾಣದಿದ್ದರೆ ಅದು ಸೋತಿದೆ ಎಂದು ಬರೆಯಬೇಡಿ, ‘ಮಿತಿ’ ಎಂದು ಬರೆಯಿರಿ. ಕ್ರಿಸ್‌ಮಸ್ ಸಮಯವೂ ಹೀಗೆಯೇ. ನವೆಂಬರ್ ಕೊನೆಯಿಂದ ಜನವರಿ ಮೊದಲ ವಾರದವರೆಗೆ ಹಬ್ಬದ ಹಳೆಯ ಹಾಡುಗಳು ಹಿಂಡುಹಿಂಡಾಗಿ ಮೇಲೆ ಬರುತ್ತವೆ, ಆಮೇಲೆ ಒಟ್ಟಿಗೇ ಮಾಯವಾಗುತ್ತವೆ. ಜನವರಿಯಲ್ಲಿ 30 ಸ್ಥಾನ ಜಿಗಿದ ಹಾಡನ್ನು ಹಿಟ್ ಎಂದು ಹೊಗಳುವ ಮುನ್ನ ಅದನ್ನು ನವೆಂಬರ್ ಮಧ್ಯದ ಸ್ಥಾನದೊಂದಿಗೆ ಹೋಲಿಸಬೇಕು.

ಈ ಗೊಂದಲಕ್ಕೆ ಬಿಲ್‌ಬೋರ್ಡ್ ಒಂದು ಒಳ್ಳೆಯ ಸಾಧನ ಕೊಟ್ಟಿದೆ: ಬಲ ಏರುತ್ತಿರುವ ಹಾಡಿನ ಪಕ್ಕ ಹಾಕುವ ಬುಲೆಟ್ ಗುರುತು. ಹಾಡು 5ರಿಂದ 7ಕ್ಕೆ ಇಳಿದೂ ಬುಲೆಟ್ ಉಳಿಸಿಕೊಂಡಿದ್ದರೆ ಅದರ ಬಲ ಇನ್ನೂ ಏರುತ್ತಿದೆ ಎಂದರ್ಥ. ನನ್ನ ಮಟ್ಟಿಗೆ ಮುಂದಿನ ವಾರದ ಅಂದಾಜಿಗೆ ಸ್ಥಾನಕ್ಕಿಂತ ಬುಲೆಟ್ಟೇ ನಂಬಲರ್ಹ.

ಹಾಡು ಪಟ್ಟಿಯಿಂದ ಹೊರಬಿದ್ದದ್ದಕ್ಕೂ ಎರಡು ಅರ್ಥವಿದೆ. ಹಾಟ್ 100ರಲ್ಲಿ ಬಹುಕಾಲ ನಡೆದ ನಿಯಮದ ಪ್ರಕಾರ 20 ವಾರ ಕಳೆದ ಹಾಡು 50ರ ಕೆಳಗೆ, 52 ವಾರ ಕಳೆದ ಹಾಡು 25ರ ಕೆಳಗೆ ಜಾರಿದರೆ ಅದನ್ನು ತೆಗೆದುಬಿಡುತ್ತಿದ್ದರು. 2025ರ ಅಕ್ಟೋಬರಿನಲ್ಲಿ ಇದನ್ನು ಬಿಗಿ ಮಾಡಿ, 26 ವಾರಕ್ಕೇ 25ರ ಗೆರೆ, 52 ವಾರಕ್ಕೆ 10ರ ಗೆರೆ, 78 ವಾರಕ್ಕೆ 5ರ ಗೆರೆ ಎಳೆದರು. ಗ್ಲಾಸ್ ಆ್ಯನಿಮಲ್ಸ್ ತಂಡದ ‘ಹೀಟ್ ವೇವ್ಸ್’ 59ನೇ ವಾರದಲ್ಲಿ ನಂಬರ್ ಒನ್‌ಗೆ ಏರಿ ಒಟ್ಟು 91 ವಾರ ಇದ್ದದ್ದನ್ನು ಮುಂದಿನ ಹಾಡುಗಳ ಜೊತೆ ಅಳೆಯುವಾಗ ಈ ಬದಲಾವಣೆ ನೆನಪಿರಬೇಕು. ನಿಯಮಗಳಿಗೆಂದೇ ನಾನು ಬೇರೆ ಶೀಟ್ ಇಟ್ಟಿರುವುದು ಇದಕ್ಕೇ: ಎಂದು ಬದಲಾಯಿತು, ಏನು ಬದಲಾಯಿತು, ಎರಡೇ ಕಾಲಂ.

ಹಳೆಯ ಕಾಲಕ್ಕೆ ಹೋದಷ್ಟೂ ಈ ಶೀಟಿನ ಬೆಲೆ ಹೆಚ್ಚುತ್ತದೆ. 1991ರ ನವೆಂಬರ್ ಕೊನೆಯವರೆಗೆ ಹಾಟ್ 100 ನಿಂತಿದ್ದದ್ದು ಅಂಗಡಿಗಳೂ ರೇಡಿಯೊ ಕೇಂದ್ರಗಳೂ ಕಳುಹಿಸುವ ವರದಿಯ ಮೇಲೆ. ಆಮೇಲೆ ಬಾರ್‌ಕೋಡ್ ಎಣಿಕೆ ಬಂತು. ಮೊದಲ ವಾರವೇ ನಂಬರ್ ಒನ್ ಆಗಿ ಕಾಲಿಟ್ಟ ಹಾಡು 1995ರವರೆಗೆ ಒಂದೂ ಇರಲಿಲ್ಲ ಎಂಬುದನ್ನು ಈ ಬೆಳಕಿನಲ್ಲೇ ಓದಬೇಕು. 1998ರ ಡಿಸೆಂಬರಿಗೆ ಮೊದಲು, ಅಂಗಡಿಯಲ್ಲಿ ಸಿಂಗಲ್ ಆಗಿ, ಅಂದರೆ ಒಂಟಿ ಹಾಡಾಗಿ, ಮಾರದ ಹಾಡಿಗೆ ಹಾಟ್ 100ರಲ್ಲಿ ಪ್ರವೇಶವೇ ಇರಲಿಲ್ಲ. ನೋ ಡೌಟ್ ತಂಡದ ‘ಡೋಂಟ್ ಸ್ಪೀಕ್’ ರೇಡಿಯೊ ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿದ್ದೂ ಹಾಟ್ 100ರಲ್ಲಿ ಕಾಣುವುದಿಲ್ಲ. ಅದನ್ನು ಹಿಟ್ ಅಲ್ಲ ಎನ್ನಲು ಯಾರಿಗೆ ಮನಸ್ಸು ಬಂದೀತು! ಬ್ರಿಟನ್ನಿನಲ್ಲಿ 1969ರ ಫೆಬ್ರುವರಿಗೆ ಮೊದಲು ಹಲವು ಪತ್ರಿಕೆಗಳು ತಮ್ಮ ತಮ್ಮ ಪಟ್ಟಿ ಮಾಡುತ್ತಿದ್ದವು. ಬೀಟಲ್ಸ್ ತಂಡದ ‘ಪ್ಲೀಸ್ ಪ್ಲೀಸ್ ಮಿ’ 1963ರಲ್ಲಿ ಒಂದು ಪತ್ರಿಕೆಯಲ್ಲಿ 1, ಇನ್ನೊಂದರಲ್ಲಿ 2. ಅಧಿಕೃತ ದಾಖಲೆ ಹಿಡಿದದ್ದು 2 ಎಂದ ಪತ್ರಿಕೆಯನ್ನು. ಆ ಕಾಲದ ಸ್ಥಾನದ ಪಕ್ಕ ಯಾವ ಪಟ್ಟಿ ಎಂದು ಬರೆಯದಿದ್ದರೆ ಸಂಖ್ಯೆ ನಿರುಪಯುಕ್ತ.

ಐಟ್ಯೂನ್ಸ್‌ನ ಕ್ಷಣಕ್ಷಣದ ಪಟ್ಟಿಯನ್ನು ಶೀಟಿಗೆ ತರುವುದೇ ಇಲ್ಲ. ಅದು ಒಂದು ಅಂಗಡಿಯ ಡೌನ್‌ಲೋಡ್ ಮಾರಾಟ ಮಾತ್ರ. ಅಭಿಮಾನಿಗಳು ಗುಂಪುಗೂಡಿ ಕೊಂಡರೆ ಸಂಜೆಯೊಳಗೆ ಮೇಲೇರಿ ಮರುದಿನ ಇಳಿಯುತ್ತದೆ. ಸ್ಪಾಟಿಫೈನ ದಿನದ ಪಟ್ಟಿಯನ್ನು ದಿಕ್ಕು ತಿಳಿಯಲು ನೋಡುತ್ತೇನೆ: ಶುಕ್ರವಾರದ ಎಣಿಕೆಗೂ ಸೋಮವಾರದ ಎಣಿಕೆಗೂ ಹೋಲಿಸಿದಾಗ ಹಾಡು ಎಷ್ಟು ಉಳಿಸಿಕೊಂಡಿದೆ ಎಂಬುದು ಎರಡನೇ ವಾರದ ಗತಿಯನ್ನು ಮುಂಚಿತವಾಗಿ ಹೇಳುತ್ತದೆ.

ಪ್ಲಾಟಿನಂ, ಗೋಲ್ಡ್ ಪ್ರಮಾಣಪತ್ರಗಳಿಗೂ ಒಂದು ಕಾಲಂ ಇದೆ, ಆದರೆ ಚಾರ್ಟಿನಿಂದ ದೂರ. ಅಮೆರಿಕದಲ್ಲಿ ಗೋಲ್ಡ್ ಎಂದರೆ 5 ಲಕ್ಷ ಯೂನಿಟ್, ಪ್ಲಾಟಿನಂ 10 ಲಕ್ಷ. ಬ್ರಿಟನ್ನಿನಲ್ಲಿ ಸಿಂಗಲ್‌ಗೆ ಸಿಲ್ವರ್ 2 ಲಕ್ಷ, ಗೋಲ್ಡ್ 4 ಲಕ್ಷ, ಪ್ಲಾಟಿನಂ 6 ಲಕ್ಷ. ಅಮೆರಿಕದಲ್ಲಿ ಕಂಪನಿ ಅರ್ಜಿ ಹಾಕಿದರೆ ಮಾತ್ರ ಪ್ರಮಾಣಪತ್ರ, ಬ್ರಿಟನ್ನಿನಲ್ಲಿ 2013ರಿಂದ ತಾನಾಗಿಯೇ ಬರುತ್ತದೆ. ಆದ್ದರಿಂದ ಅಮೆರಿಕದ ಕಾಲಂ ಖಾಲಿ ಇದ್ದರೆ ಸೊನ್ನೆ ಹಾಕದೆ ಗೆರೆ ಎಳೆಯಿರಿ.

ವಾರದ ಕೊನೆಯ ಕೆಲಸ ತಾಳೆ ನೋಡುವುದು. ‘ಹಿಂದಿನ ವಾರದ ಸ್ಥಾನ’ ಎಂದು ಪಟ್ಟಿ ಹೇಳುವುದು ನನ್ನ ಹಿಂದಿನ ಸಾಲಿನೊಂದಿಗೆ ಹೊಂದಬೇಕು, ‘ಒಟ್ಟು ವಾರ’ ಒಂದು ಹೆಚ್ಚಿರಬೇಕು. ಹೊಂದದಿದ್ದರೆ ಮುಕ್ಕಾಲು ಪಾಲು ಕಾರಣ ಎರಡೇ: ಹಾಡು ನಡುವೆ ಹೊರಹೋಗಿ ಮತ್ತೆ ಬಂದಿರುತ್ತದೆ, ಇಲ್ಲವೇ ಒಂದು ವಾರದ ಸಾಲು ತಪ್ಪಿ ಕೆಳಗೆ ಸರಿದಿರುತ್ತದೆ. ಎರಡನೆಯದು ಸಿಕ್ಕಿಬಿದ್ದ ದಿನವೇ ಸರಿಪಡಿಸಿ. ಮುಂದಿನ ವಾರಕ್ಕೆ ಬಿಟ್ಟರೆ ಪೂರಾ ಕಾಲಂ ಕೈಯಿಂದ ಮತ್ತೆ ತುಂಬಬೇಕಾಗುತ್ತದೆ.