ಮುಟ್ಟಿದರೆ ಮುನಿ ನಿಜವಾಗಿ ಮುನಿಯುತ್ತದೆಯೇ? ವಿಜ್ಞಾನ ಬರಹದಲ್ಲಿ ಭಾವದ ಮಾತನ್ನು ಬಳಸುವ ಬಗೆ

ಮುಟ್ಟಿದೊಡನೆ ಎಲೆ ಮಡಚಿಕೊಳ್ಳುವ ಗಿಡಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಮುಟ್ಟಿದರೆ ಮುನಿ. ಕೆಲವು ಕಡೆ ಅದನ್ನೇ ನಾಚಿಕೆ ಮುಳ್ಳು ಎನ್ನುತ್ತಾರೆ. ಒಂದು ಹೆಸರಿನಲ್ಲಿ ಸಿಟ್ಟಿದೆ, ಇನ್ನೊಂದರಲ್ಲಿ ನಾಚಿಕೆಯಿದೆ. ಗಿಡದೊಳಗೆ ನಡೆಯುವುದು ಇವೆರಡೂ ಅಲ್ಲ. ಎಲೆಯ ಬುಡದಲ್ಲಿ ಉಬ್ಬಿದ ಗಂಟೊಂದಿದ್ದು, ಅದರ ಜೀವಕೋಶಗಳು ನೀರು ತುಂಬಿ ಬಿಗಿಯಾಗಿರುತ್ತವೆ. ಬೆರಳು ತಗುಲಿದಾಗ ವಿದ್ಯುತ್ ಸಂಕೇತವೊಂದು ಅಲ್ಲಿಗೆ ತಲುಪುತ್ತದೆ, ಗಂಟಿನ ಒಂದು ಬದಿಯ ಕೋಶಗಳಿಂದ ಪೊಟ್ಯಾಸಿಯಂ ಅಯಾನುಗಳು, ಅಂದರೆ ವಿದ್ಯುದಾವೇಶವುಳ್ಳ ಕಣಗಳು, ಹೊರಬೀಳುತ್ತವೆ, ಅವುಗಳ ಬೆನ್ನಿಗೇ ನೀರೂ ಹೊರಬರುತ್ತದೆ, ಬಿಗಿ ಸಡಿಲಿದ ಆ ಬದಿಗೆ ಎಲೆ ಬಾಗುತ್ತದೆ. ಈ ಗಿಡದ ಬಗ್ಗೆ ಬರೆಯುವವರು ಅದರ ಚೆಂದದ ಹೆಸರನ್ನು ಕೈಬಿಡಬೇಕೆಂದು ನಾನು ಹೇಳಲಾರೆ. ಮುನಿಸು ಎಂಬ ಮಾತು ಓದುಗರನ್ನು ಗಿಡದ ಹತ್ತಿರಕ್ಕೆ ಕರೆತರುತ್ತದೆ. ಆದರೆ ಆ ಮಾತನ್ನು ಮನುಷ್ಯಲೋಕದಿಂದ ತಂದ ಕೈಗಡವೆಂದು ಎಣಿಸಿ, ಅದೇ ಪ್ಯಾರಾ ಮುಗಿಯುವುದರೊಳಗೆ ನೀರು, ಅಯಾನು, ಗಂಟುಗಳ ವಿವರದಿಂದ ತೀರಿಸಬೇಕು.

ಕರಡು ಮುಗಿದ ಮೇಲೆ ಕ್ರಿಯಾಪದಗಳ ಕೆಳಗೆ ಮಾತ್ರ ಗೆರೆ ಎಳೆಯುತ್ತ ಒಮ್ಮೆ ಓದಿ. ‘ಸೇಡು’, ‘ಪ್ರೀತಿ’, ‘ದುಃಖ’ದಂಥ ನಾಮಪದಗಳು ಎದ್ದು ಕಾಣುವುದರಿಂದ ಅವುಗಳ ಬಗ್ಗೆ ಎಚ್ಚರ ತಾನಾಗಿಯೇ ಬರುತ್ತದೆ, ಕ್ರಿಯಾಪದಗಳು ಸದ್ದಿಲ್ಲದೆ ನುಸುಳುತ್ತವೆ. ಕನ್ನಡದಲ್ಲಿ ವಿಶೇಷವಾಗಿ ನೋಡಬೇಕಾದವು ಎರಡು. ಮೊದಲನೆಯದು ‘ಕೊಳ್ಳು’ ಸೇರಿದ ಕ್ರಿಯೆ: ಬೆಳೆಸಿಕೊಂಡಿತು, ಬದಲಾಯಿಸಿಕೊಂಡಿತು, ಆಯ್ದುಕೊಂಡಿತು. ತನಗಾಗಿ ತಾನೇ ಮಾಡಿತು ಎಂಬ ಅರ್ಥದ ನೆರಳು ಅದರಲ್ಲಿ ಇರುತ್ತದೆ. ಎರಡನೆಯದು ‘ತಿನ್ನಲೆಂದು’, ‘ಉಳಿಯುವುದಕ್ಕಾಗಿ’ ಎಂಬಂಥ ಉದ್ದೇಶದ ರೂಪ. ಇವೆಲ್ಲ ತಪ್ಪು ಎಂದಲ್ಲ. ಬಾಗಿಲು ಮುಚ್ಚಿಕೊಂಡಿತು ಎಂದರೆ ಬಾಗಿಲಿಗೆ ಮನಸ್ಸಿದೆ ಎಂದು ಯಾರೂ ತಿಳಿಯುವುದಿಲ್ಲ. ಈ ಲೇಖನದ ಮೊದಲ ವಾಕ್ಯದಲ್ಲಿರುವ ‘ಮಡಚಿಕೊಳ್ಳುವ’ ಎಂಬುದೂ ಅದೇ ಬಗೆಯದು. ನಿರೂಪಿಸುತ್ತಿರುವ ವಿಷಯದ ತಿರುಳೇ ಉದ್ದೇಶ ಇತ್ತೇ ಇಲ್ಲವೇ ಎಂಬುದಾಗಿರುವಾಗ ಮಾತ್ರ ಈ ರೂಪಗಳು ಹಾನಿ ಮಾಡುತ್ತವೆ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ‘ಬ್ಯಾಕ್ಟೀರಿಯಾಗಳು ಆ್ಯಂಟಿಬಯಾಟಿಕ್‌ಗಳನ್ನು ಎದುರಿಸಲೆಂದು ತಮ್ಮನ್ನು ಬದಲಾಯಿಸಿಕೊಂಡವು’ ಎಂಬ ವಾಕ್ಯದಲ್ಲಿ ಮೇಲಿನ ಎರಡೂ ರೂಪಗಳಿವೆ. ಔಷಧವನ್ನು ಕಂಡು, ಅಪಾಯವನ್ನು ಅರಿತು, ಉಪಾಯ ಹೂಡಿದ ಜೀವಿಯೊಂದರ ಚಿತ್ರ ಅದರಿಂದ ಮೂಡುತ್ತದೆ. ನಡೆದದ್ದು ಹಾಗಲ್ಲ. ವೈರಸ್ ದಾಳಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಾದ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್, ಆ ಗುಣಕ್ಕೆ ಕಾರಣವಾದ ಮಾರ್ಪಾಡು ವೈರಸ್ ಎದುರಾಗುವ ಮೊದಲೇ ಆಕಸ್ಮಿಕವಾಗಿ ಉಂಟಾಗಿರುತ್ತದೆ ಎಂಬುದನ್ನು 1943ರಲ್ಲೇ ತೋರಿಸಿದ್ದರು. ಔಷಧದ ವಿಷಯದಲ್ಲೂ ಹಾಗೆಯೇ. ಆದ್ದರಿಂದ ಆ ವಾಕ್ಯವನ್ನು ಹೀಗೆ ತಿದ್ದಬಹುದು: ‘ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ನಡುವೆ ಔಷಧ ತಟ್ಟದ ಕೆಲವು ಮೊದಲೇ ಇದ್ದವು, ಉಳಿದವು ಸತ್ತ ಮೇಲೆ ಜಾಗವೂ ಆಹಾರವೂ ಅವುಗಳ ಪಾಲಾದವು.’ ಔಷಧ ತಟ್ಟದಂತೆ ಮಾಡುವ ಜೀನು ಕೆಲವೊಮ್ಮೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವುದೂ ಉಂಟು. ಅದನ್ನು ಮುಂದಿನ ವಾಕ್ಯದಲ್ಲಿ ಹೇಳಿದರಾಯಿತು. ತಿದ್ದಿದ ವಾಕ್ಯದಲ್ಲಿ ಸಾವಿದೆ, ಉಳಿವಿದೆ, ಕತೆಯ ಕುತೂಹಲವೂ ಕುಗ್ಗಿಲ್ಲ. ಇದಕ್ಕಿಂತ ಮುಖ್ಯವಾಗಿ, ನೆಗಡಿಗೆ ಆ್ಯಂಟಿಬಯಾಟಿಕ್ ನುಂಗುವುದರಿಂದ ಏನು ಕೆಡುಕು ಎಂದು ಕೇಳುವ ಓದುಗರಿಗೆ ಇದರಲ್ಲಿ ಉತ್ತರವಿದೆ. ವೈರಸ್‌ನಿಂದ ಬರುವ ನೆಗಡಿಗೆ ಆ ಗುಳಿಗೆ ಏನೂ ಮಾಡುವುದಿಲ್ಲ, ಆದರೆ ಮೈಯಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಔಷಧಕ್ಕೆ ಜಗ್ಗದವುಗಳನ್ನು ಜರಡಿ ಹಿಡಿದು ಉಳಿಸುತ್ತದೆ.

ಈ ತೊಡಕು ಹಳೆಯದು. ಜೀವವಿಕಾಸವನ್ನು ವಿವರಿಸುವ ‘ನಿಸರ್ಗದ ಆಯ್ಕೆ’ ಎಂಬ ಮಾತು ನಿಸರ್ಗವನ್ನು ದೇವತೆಯಂತೆ ಕಾಣಿಸುತ್ತದೆ ಎಂಬ ಆಕ್ಷೇಪಕ್ಕೆ ಚಾರ್ಲ್ಸ್ ಡಾರ್ವಿನ್ 1861ರಲ್ಲಿ, ತಮ್ಮ ‘ಆರಿಜಿನ್ ಆಫ್ ಸ್ಪೀಷೀಸ್’ ಗ್ರಂಥದ ಮೂರನೆಯ ಆವೃತ್ತಿಯಲ್ಲಿ, ಉತ್ತರ ಕೊಡಬೇಕಾಯಿತು. ಗುರುತ್ವಾಕರ್ಷಣೆ ಗ್ರಹಗಳನ್ನು ಆಳುತ್ತದೆ ಎಂದರೆ ಯಾರೂ ತಕರಾರು ಮಾಡುವುದಿಲ್ಲ, ಚಿಕ್ಕದಾಗಿ ಹೇಳಲು ಇಂಥ ರೂಪಕಗಳು ಬಹುಮಟ್ಟಿಗೆ ಅನಿವಾರ್ಯ ಎಂಬುದು ಅವರ ಸಮಾಧಾನವಾಗಿತ್ತು. ಆದರೆ ಅವರು ಅಷ್ಟಕ್ಕೇ ನಿಲ್ಲದೆ, ನಿಸರ್ಗ ಎನ್ನುವಾಗ ತಮ್ಮ ಮನಸ್ಸಿನಲ್ಲಿರುವ ಅರ್ಥವೇನು ಎಂಬುದನ್ನೂ ಅಲ್ಲಿಯೇ ಬಿಡಿಸಿ ಹೇಳಿದರು. ತಪ್ಪಿಸಲಾಗದ ರೂಪಕವಿದ್ದರೆ ನೀವೂ ಹಾಗೆಯೇ ಮಾಡಿ; ಒಮ್ಮೆ, ಆರಂಭದಲ್ಲಿ, ಸ್ಪಷ್ಟವಾಗಿ.

ಪ್ರಾಣಿಗಳ ವಿಷಯಕ್ಕೆ ಬಂದಾಗ ಎಚ್ಚರ ಎರಡೂ ಕಡೆಗೆ ಬೇಕು. ಇಲ್ಲದ ಭಾವವನ್ನು ಹೊರಿಸುವುದು ಒಂದು ತಪ್ಪಾದರೆ, ಇರಬಹುದಾದ ಭಾವವನ್ನು ಅಳಿಸಿಹಾಕುವುದು ಅಷ್ಟೇ ದೊಡ್ಡ ತಪ್ಪು. 1960ರಲ್ಲಿ ಚಿಂಪಾಂಜಿಗಳ ಅಧ್ಯಯನಕ್ಕೆಂದು ತಾಂಜಾನಿಯದ ಗೊಂಬೆ ಎಂಬ ಹೆಸರಿನ ಕಾಡಿಗೆ ಹೋದ ವಿಜ್ಞಾನಿ ಜೇನ್ ಗುಡಾಲ್ ಚಿಂಪಾಂಜಿಗಳಿಗೆ ಸಂಖ್ಯೆಗಳ ಬದಲು ಹೆಸರುಗಳನ್ನು ಕೊಟ್ಟಾಗ ವಿಶ್ವವಿದ್ಯಾಲಯದಲ್ಲಿ ಟೀಕೆ ಎದುರಿಸಬೇಕಾಯಿತು. ಫಿಫಿ ಎಂಬ ಚಿಂಪಾಂಜಿ ತನ್ನ ಪುಟ್ಟ ತಮ್ಮನ ಬಳಿ ಬಂದ ಬೇರೆ ಮರಿಗಳನ್ನು ಮೈಗೂದಲು ನಿಮಿರಿಸಿ ಓಡಿಸುತ್ತಿದ್ದುದನ್ನು ಗುಡಾಲ್ ಹೊಟ್ಟೆಕಿಚ್ಚು ಎಂದು ಬರೆದರು. ಅದನ್ನು ಸಾಬೀತು ಮಾಡಲಾಗದು ಎಂದ ಮಾರ್ಗದರ್ಶಕ ರಾಬರ್ಟ್ ಹಿಂಡ್, ಫಿಫಿ ಮನುಷ್ಯರ ಮಗುವಾಗಿದ್ದರೆ ನಾವು ಹೊಟ್ಟೆಕಿಚ್ಚು ಎನ್ನುತ್ತಿದ್ದಂಥ ರೀತಿಯಲ್ಲಿ ವರ್ತಿಸಿತು ಎಂದು ಬರೆಯುವಂತೆ ಸೂಚಿಸಿದರು. ನನ್ನ ದೃಷ್ಟಿಯಲ್ಲಿ ಈ ಸೂಚನೆಯಷ್ಟು ಉಪಯುಕ್ತವಾದ ಪಾಠ ನಮಗೆ ಇನ್ನೊಂದಿಲ್ಲ. ಮೊದಲು ಕಂಡದ್ದನ್ನು ಬರೆಯಿರಿ, ಅಂದರೆ ನಿಮಿರಿದ ಕೂದಲು, ಓಡಿಸಿದ ರೀತಿ. ಆಮೇಲೆ ಅದು ಮನುಷ್ಯರ ಯಾವ ಭಾವವನ್ನು ನೆನಪಿಸುತ್ತದೆ ಎಂಬುದನ್ನು ಹೋಲಿಕೆಯಾಗಿ ಹೇಳಿ. ಸತ್ತ ಮರಿಯನ್ನು ಸೊಂಡಿಲಿನಲ್ಲಿ ಹೊತ್ತು ಸಾಗುವ ಹೆಣ್ಣಾನೆಯ ಬಗ್ಗೆ ಬರೆಯುವಾಗ ದುಃಖ ಎಂಬ ಪದ ನಮ್ಮ ಮಟ್ಟಿಗೆ ನ್ಯಾಯವಾಗಿಯೇ ಬರುತ್ತದೆ, ಆದರೆ ಎಷ್ಟು ದೂರ ಹೊತ್ತಿತು, ಹಿಂಡು ಏನು ಮಾಡಿತು ಎಂಬ ವಿವರದ ನಂತರ ಬಂದರೆ ಅದಕ್ಕೆ ತೂಕ ಹೆಚ್ಚು. ಕಣ್ಣು ಮತ್ತು ಕಿವಿಯ ನಡುವಿನ ಗ್ರಂಥಿಯಿಂದ ಮದವೇರಿದಾಗ ಇಳಿಯುವ ದ್ರವವನ್ನು ಕಂಡು ‘ಕಣ್ಣೀರಿಟ್ಟ ಆನೆ’ ಎಂದು ಬರೆಯುವುದು ಮಾತ್ರ ಸಲ್ಲದು.

ಗುಡಾಲ್ ಅವರ ಮೊದಲ ಪ್ರಬಂಧದಲ್ಲಿ ಚಿಂಪಾಂಜಿಗಳನ್ನು ಅವನು, ಅವಳು ಎಂದಿದ್ದ ಕಡೆಯೆಲ್ಲ ಸಂಪಾದಕರು ‘ಅದು’ ಎಂದು ತಿದ್ದಿದ್ದರು. ಗುಡಾಲ್ ಮತ್ತೆ ಮೊದಲಿನಂತೆಯೇ ಮಾಡಿದರು. ಕನ್ನಡದಲ್ಲಿ ಈ ಆಯ್ಕೆ ಸರ್ವನಾಮದಲ್ಲಿ ಮಾತ್ರವಲ್ಲ, ಕ್ರಿಯಾಪದದ ಕೊನೆಯಲ್ಲೂ ಇದೆ. ಆನೆ ಬಂದಿತು ಎನ್ನುವ ಬದಲು ಬಂದಳು ಎಂದರೆ ಓದುಗರ ಎದುರಿಗೆ ಬೇರೆಯೇ ಜೀವ ನಿಲ್ಲುತ್ತದೆ. ಯಾವುದನ್ನು ಬಳಸಿದರೂ ತಿಳಿದು ಬಳಸಿ, ಲೇಖನದ ಕೊನೆಯವರೆಗೆ ಅದನ್ನೇ ಪಾಲಿಸಿ. ಸೂರ್ಯ, ಚಂದ್ರರಿಗೆ ರೂಢಿಯಿಂದ ಬಂದ ಪುಲ್ಲಿಂಗಕ್ಕೂ ಇದೇ ಮಾತು.

ಯಂತ್ರಗಳ ವಿಷಯದಲ್ಲಿ ನಾನು ಹೆಚ್ಚು ಬಿಗಿ. ಮಂಗಳ ಗ್ರಹದ ಮೇಲೆ ಓಡಾಡುತ್ತಿದ್ದ ಆಪರ್ಚುನಿಟಿ ರೋವರ್ 2018ರ ಜೂನ್ 10ರಂದು ಕೊನೆಯ ಬಾರಿ ಸಂಪರ್ಕಕ್ಕೆ ಸಿಕ್ಕಾಗ, ಬ್ಯಾಟರಿ ಮುಗಿಯುತ್ತಿದೆ, ಕತ್ತಲಾಗುತ್ತಿದೆ ಎಂದು ಹೇಳಿತೆಂಬ ಮಾತು ಲೋಕವನ್ನೆಲ್ಲ ಸುತ್ತಿತು. ಅದು ಕಳಿಸಿದ್ದು ಅಂಕಿಗಳನ್ನು. ಆ ವಾಕ್ಯ ಪತ್ರಕರ್ತರೊಬ್ಬರು ಅಂಕಿಗಳ ಅರ್ಥವನ್ನು ತಮ್ಮ ಮಾತಿನಲ್ಲಿ ಹೇಳಿದ್ದು. ಹಾಗೆಯೇ 2023ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಮತ್ತು ರೋವರ್ ಪ್ರಜ್ಞಾನ್ ‘ನಿದ್ದೆಗೆ ಜಾರಿದವು’ ಎಂದು ಓದಿದವರಲ್ಲಿ ಎಷ್ಟೋ ಮಂದಿ, ಅವು ಏಳದಿದ್ದಾಗ ಯೋಜನೆಯೇ ಸೋತಿತೆಂದು ಭಾವಿಸಿರಬಹುದು. ಅವುಗಳನ್ನು ರೂಪಿಸಿದ್ದೇ ಚಂದ್ರನ ಒಂದು ಹಗಲಿಗೆ, ಅಂದರೆ ನಮ್ಮ ಸುಮಾರು 14 ದಿನಗಳಿಗೆ. ನಿದ್ದೆ ಎಂಬ ಪದವನ್ನು ಬಳಸುವವರು ಈ ಅವಧಿಯನ್ನೂ, ಸೂರ್ಯನ ಬೆಳಕಿಲ್ಲದೆ ವಿದ್ಯುತ್ತಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಭಾವವೇ ಬೇಕೆಂದಾದರೆ ಅದು ನಿಜವಾಗಿ ಇರುವಲ್ಲಿಗೆ ಹೋಗಿ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ನೆಲದಿಂದ 2.1 ಕಿಲೋಮೀಟರ್ ಎತ್ತರದವರೆಗೆ ಸರಿಯಾಗಿ ಇಳಿದು, ಆಮೇಲೆ ಸಂಪರ್ಕ ಕಳೆದುಕೊಂಡಾಗ ಬೆಂಗಳೂರಿನ ನಿಯಂತ್ರಣ ಕೊಠಡಿಯಲ್ಲಿ ಕವಿದ ಮೌನ, ಬೆಳಗ್ಗೆ ಆಗಿನ ಇಸ್ರೋ ಅಧ್ಯಕ್ಷ ಕೆ. ಸಿವನ್ ಅವರ ಕಣ್ಣಲ್ಲಿ ತುಂಬಿದ ನೀರು, ಇವು ಯಾರಿಂದಲೂ ಕಡ ತಂದವಲ್ಲ.

ಕೊನೆಯದಾಗಿ ಶೀರ್ಷಿಕೆ. ಒಳಗೆ ಎಷ್ಟು ಜೋಪಾನವಾಗಿ ಬರೆದರೂ ಮೇಲೆ ‘ಹಗೆ ತೀರಿಸಿಕೊಂಡ ಪುಂಡಾನೆ’ ಎಂದು ಅಚ್ಚಾದರೆ ಹೆಚ್ಚಿನವರ ನೆನಪಿನಲ್ಲಿ ಉಳಿಯುವುದು ಅದೊಂದೇ. ಆದ್ದರಿಂದ ಲೇಖನದ ಜೊತೆಗೆ ನೀವೇ ಎರಡು ಮೂರು ಶೀರ್ಷಿಕೆಗಳನ್ನು, ಮೊಬೈಲ್ ಪರದೆಗೆ ಹೊಂದುವಷ್ಟು ಚಿಕ್ಕದಾಗಿ ಬರೆದು ಕಳಿಸಿ. ‘ಹಲಸು ಹಣ್ಣಾಗುವ ಕಾಲಕ್ಕೆ ಕಾಫಿ ತೋಟಕ್ಕೆ ಬರುವ ಆನೆ’ ಎಂಬಂಥದ್ದು ಸಿದ್ಧವಾಗಿ ಕೈಯಲ್ಲಿದ್ದರೆ, ಅವಸರದಲ್ಲಿರುವ ಸಂಪಾದಕರು ಬೇರೆಯದನ್ನು ಹುಡುಕುವುದು ಕಡಿಮೆ.