ಗರಾಜ್ ಸೇಲ್‌ಗೆ ಹೊರಡುವ ಮುಂಚೆ: ಮಿಶಿಗನ್‌ಗೆ ಹೊಸದಾಗಿ ಬಂದವರಿಗೆ

ಮಿಶಿಗನ್‌ನಲ್ಲಿ ಹಿಮ ಕರಗಿ ಮೇ ತಿಂಗಳು ಬಂತು ಅಂದರೆ ರಸ್ತೆ ತಿರುವುಗಳಲ್ಲಿ ರಟ್ಟಿನ ಬೋರ್ಡುಗಳು ಏಳುತ್ತವೆ. ದಪ್ಪ ಮಾರ್ಕರ್‌ನಲ್ಲಿ ಒಂದು ಬಾಣ, ಅದರ ಕೆಳಗೆ ಬೀದಿಯ ಹೆಸರು. ಮನೆಯವರು ತಮಗೆ ಬೇಡದ ಸಾಮಾನನ್ನು ಗರಾಜಿನಲ್ಲಿ, ಅಂದರೆ ಕಾರು ನಿಲ್ಲಿಸುವ ಶೆಡ್ಡಿನಲ್ಲಿ, ಇಟ್ಟು ಮಾರುವ ಗರಾಜ್ ಸೇಲ್‌ಗೆ ಅದು ದಾರಿ. ನೊವೈ, ಟ್ರಾಯ್, ಕ್ಯಾಂಟನ್ ಕಡೆ ಬಂದು ಇಳಿದಿರುವ ನಮ್ಮವರಿಗೆ ನಾನು ಮೊದಲು ಹೇಳುವುದು ಇದೇ: ಒಂದೇ ವಾರದಲ್ಲಿ ಎಲ್ಲವನ್ನೂ ಅಂಗಡಿಯಿಂದ ತಂದು ಮನೆ ತುಂಬಬೇಡಿ. ಹಾಸಿಗೆ, ತುರ್ತಿಗೆ ಬೇಕಾದ ನಾಲ್ಕು ಪಾತ್ರೆ ಹೊಸದು ತನ್ನಿ. ಉಳಿದದ್ದಕ್ಕೆ ಸ್ವಲ್ಪ ಕಾಯಿರಿ. ಬೇಸಿಗೆಯ ಬೆಳಗ್ಗೆ ನಾಲ್ಕು ಬೀದಿ ಸುತ್ತಿದರೆ ಮನೆಗೆ ಬೇಕಾದ್ದೂ ಸಿಗುತ್ತದೆ, ಊರೂ ಗೊತ್ತಾಗುತ್ತದೆ. ಏನು ಹುಡುಕುತ್ತಿದ್ದೇವೆ ಅಂತ ತಿಳಿದು ಹೊರಟರಂತೂ ಅದರ ಖುಷಿಯೇ ಬೇರೆ.

ಇಲ್ಲಿ ಸೇಲ್ ಶನಿವಾರಕ್ಕೆ ಕಾಯುವುದಿಲ್ಲ. ಎಷ್ಟೋ ಮನೆಯವರು ಗುರುವಾರವೇ ಗರಾಜ್ ಬಾಗಿಲು ಎತ್ತುತ್ತಾರೆ. ಒಳ್ಳೆಯದು ಬೇಕಿದ್ದರೆ ಮೊದಲ ದಿನ ಬೆಳಗ್ಗೆ ಹೋಗಿ, ಅಗ್ಗ ಬೇಕಿದ್ದರೆ ಕೊನೆಯ ದಿನ ಮಧ್ಯಾಹ್ನ ಹೋಗಿ. ಪೆಟ್ರೋಲ್ ಉಳಿಸಬೇಕು ಅನ್ನುವವರಿಗೆ ಇಡೀ ಬಡಾವಣೆಯೇ ಒಟ್ಟಿಗೆ ಮಾಡುವ ಸಬ್‌ಡಿವಿಷನ್ ಸೇಲ್ ಸರಿ. ಕಾರು ಒಂದು ಕಡೆ ನಿಲ್ಲಿಸಿ ನಡೆದೇ ಹತ್ತಾರು ಮನೆ ನೋಡಬಹುದು. ಯಾರ ಡ್ರೈವ್‌ವೇಗೂ ಅಡ್ಡ ನಿಲ್ಲಿಸಬೇಡಿ, ಅಷ್ಟೆ. ಸೇಲ್‌ಗಳ ಜಾಹೀರಾತು ಬರುವ ಜಾಲತಾಣಗಳಾದ ಕ್ರೇಗ್ಸ್‌ಲಿಸ್ಟ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ನೆಕ್ಸ್ಟ್‌ಡೋರ್ ಮೂರನ್ನೂ ಹಿಂದಿನ ರಾತ್ರಿ ನೋಡಿಟ್ಟುಕೊಳ್ಳಿ. ಯಾರ್ಡ್ ಸೇಲ್ (ಅಂಗಳದಲ್ಲಿಟ್ಟು ಮಾರುವುದು), ಮೂವಿಂಗ್ ಸೇಲ್ (ಮನೆ ಬದಲಿಸುವವರು ಮಾರುವುದು), ಎಸ್ಟೇಟ್ ಸೇಲ್ ಎಂದೂ ಹುಡುಕಿ. ಎಸ್ಟೇಟ್ ಸೇಲ್ ಅಂದರೆ ಸಾಮಾನ್ಯವಾಗಿ ಹಿರಿಯರು ತೀರಿಕೊಂಡ ಅಥವಾ ಮನೆ ಬಿಟ್ಟ ಮೇಲೆ ಒಳಗಿರುವುದನ್ನೆಲ್ಲ ಮಾರುವುದು. ಹಳೆಯ ಅಡುಗೆ ಸಾಮಾನಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ ಮಾತ್ರ ಸ್ವಲ್ಪ ಮೆಲ್ಲಗೆ ಮಾತಾಡಿ, ಮನೆಯ ಮಕ್ಕಳು ಪಕ್ಕದಲ್ಲೇ ನಿಂತಿರಬಹುದು.

ಜೇಬಿನಲ್ಲಿ ಒಂದು ಡಾಲರ್, ಐದು ಡಾಲರ್ ನೋಟುಗಳು ಇರಲಿ. ಎರಡು ಡಾಲರ್ ವಸ್ತುವಿಗೆ ಐವತ್ತರ ನೋಟು ಚಾಚಿದರೆ ಮಾರುವವರಿಗೂ ಕಷ್ಟ.

ಚೌಕಾಸಿ ಇಲ್ಲೂ ಉಂಟು, ಆದರೆ ರೀತಿ ಬೇರೆ. ಚಿಕ್ಕಪೇಟೆಯಲ್ಲಿ ನಾವು ಸಾಮಾನಿನ ಕುಂದು ಎತ್ತಿ ತೋರಿಸಿ ಬೆಲೆ ಇಳಿಸುತ್ತೇವೆ, ಅಲ್ವಾ? ಇಲ್ಲಿ ಹಾಗೆ ಮಾಡಬೇಡಿ. ಅದು ಅವರು ಬಳಸಿದ ಮೇಜು, ಅವರ ಮಗು ಓಡಿಸಿದ ಸೈಕಲ್. ಮೊದಲು ಗುಡ್ ಮಾರ್ನಿಂಗ್ ಹೇಳಿ. ವಸ್ತು ಚೆನ್ನಾಗಿದೆ ಅನ್ನಿಸಿದರೆ ಚೆನ್ನಾಗಿದೆ ಎನ್ನಿ. ಆಮೇಲೆ 'ವುಡ್ ಯೂ ಟೇಕ್ ಫೈವ್?' ಎಂದು ಒಮ್ಮೆ ಕೇಳಿ. ಒಪ್ಪಿದರೆ ಸರಿ, ಇಲ್ಲದಿದ್ದರೆ ನಗುತ್ತಾ ಮುಂದೆ ಹೋಗಿ. ಮೂರು ನಾಲ್ಕು ಸಾಮಾನು ಒಟ್ಟಿಗೆ ಇಟ್ಟು ಕೇಳಿದರೆ ಅವರೇ ಇಳಿಸುತ್ತಾರೆ. ಮೂಲೆಯಲ್ಲಿ ನಿಂಬೆ ಪಾನಕ ಮಾರುವ ಮಗುವಿನ ಹತ್ತಿರ ಮಾತ್ರ ಚೌಕಾಸಿ ಬೇಡವೇ ಬೇಡ.

ಈಗ ನನಗೆ ಅತಿ ಇಷ್ಟದ ವಿಷಯ: ದೋಸೆ ಕಾವಲಿ. ಈ ಕಡೆಯ ಹಳೆಯ ಮನೆಗಳಲ್ಲಿ ಬೀಡಿನ, ಅಂದರೆ ಎರಕದ ಕಬ್ಬಿಣದ (ಕಾಸ್ಟ್ ಐರನ್) ಪಾತ್ರೆಗಳು ಬೇಕಾದಷ್ಟಿವೆ. ಬೆನ್ನ ಮೇಲೆ ಇರುವ ತಯಾರಕರ ಹೆಸರು ಓದಿ. ಗ್ರಿಸ್ವೋಲ್ಡ್ ಎಂದಿದ್ದರೆ ಅದು ಪೆನ್ಸಿಲ್ವೇನಿಯಾದ ಈರಿ ಪಟ್ಟಣದ್ದು, ವ್ಯಾಗ್ನರ್ ಎಂದಿದ್ದರೆ ಒಹಾಯೋದ ಸಿಡ್ನಿಯದ್ದು. ಈರಿಯ ಕಾರ್ಖಾನೆ ಮುಚ್ಚಿದ್ದು 1957ರಲ್ಲಿ. ಆ ಕಾಲದಲ್ಲಿ ಎರಕ ಹೊಯ್ದ ಮೇಲೆ ಒಳಮೈಯನ್ನು ಉಜ್ಜಿ ನಯ ಮಾಡುತ್ತಿದ್ದರು. ಈಗ ಅಂಗಡಿಯಲ್ಲಿ ಸಿಗುವ ಬಹಳಷ್ಟು ಬೀಡಿನ ಕಾವಲಿಗಳ ಮೈ ತರಿತರಿ. ನಯವಾದ ಹಳೆಯ ಕಾವಲಿ ಒಮ್ಮೆ ಪಳಗಿತು ಅಂದರೆ ದೋಸೆ ತಾನಾಗಿ ಏಳುತ್ತದೆ. ಅಂಚು ಗಿಡ್ಡ ಇರುವ ದುಂಡನೆಯ ಗ್ರಿಡಲ್ ಹುಡುಕಿ. ಬೆನ್ನ ಮೇಲಿನ 8, 9 ಎಂಬ ಅಂಕಿ ಇಂಚಿನ ಅಳತೆ ಅಂತ ತಿಳಿಯಬೇಡಿ, ಅದು ಹಳೆಯ ಸೌದೆ ಒಲೆಯ ಬಾಯಿಯ ಅಳತೆ.

ತುಕ್ಕು ಹಿಡಿದಿದೆ ಅಂತ ಬಿಟ್ಟು ಬರಬೇಡಿ. ತುಕ್ಕು ಹೋಗುತ್ತದೆ, ಬಿರುಕು ಹೋಗುವುದಿಲ್ಲ. ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ಗಟ್ಟಿ, ಮಂಕಾಗಿ ಸದ್ದಾದರೆ ಎಲ್ಲೋ ಸೀಳಿದೆ. ಸಮತಟ್ಟಾದ ಮೇಜಿನ ಮೇಲೆ ಇಟ್ಟು ಅಲುಗಾಡಿಸಿ. ಗಾಜಿನ ಒಲೆ ಇರುವವರಿಗೆ ಅಲುಗುವ ಕಾವಲಿ ಪ್ರಯೋಜನವಿಲ್ಲ. ಇನ್ನೊಂದು ಮಾತು. ಹಿಂದೆ ಕೆಲವರು ಮೀನಿನ ಗಾಳಕ್ಕೆ ಕಟ್ಟುವ ತೂಕ ಮಾಡಲು ಇಂಥ ಪಾತ್ರೆಯಲ್ಲೇ ಸೀಸ ಕರಗಿಸುತ್ತಿದ್ದರು. ಅದಕ್ಕೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸೀಸ ಪತ್ತೆಯ ಕಿಟ್ ತಂದು ಒಮ್ಮೆ ಪರೀಕ್ಷಿಸಿ. ಸೀಸ ಇದೆ ಎಂದಾದರೆ ಅದರಲ್ಲಿ ಅಡುಗೆ ಬೇಡ. ಇಲ್ಲವೆಂದಾದರೆ ಅರ್ಧ ವಿನಿಗರ್ ಅರ್ಧ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಉಜ್ಜಿ, ತೊಳೆದು ಒಣಗಿಸಿ. ತೆಳ್ಳಗೆ ಎಣ್ಣೆ ಸವರಿ ಓವನ್‌ನಲ್ಲಿ 450 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗಂಟೆ ಇಡಿ. ಇದನ್ನೇ ಎರಡು ಮೂರು ಸಲ ಮಾಡಿ.

ಮಕ್ಕಳ ಚಳಿ ಬಟ್ಟೆ, ಸ್ನೋ ಬೂಟು, ಹಿಮ ತಳ್ಳುವ ಸಲಿಕೆ ಇವನ್ನೆಲ್ಲ ಜೂನ್‌ನಲ್ಲೇ ಕೊಳ್ಳಿ. ಆಗ ಯಾರಿಗೂ ಅವು ಬೇಡ. ಕರೆಂಟಿನ ಸಾಮಾನಾದರೆ ಅಲ್ಲೇ ಪ್ಲಗ್ ಹಾಕಿ ತೋರಿಸಿ ಎಂದು ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೆಲವನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಮಗುವಿನ ಕಾರ್ ಸೀಟಿಗೆ ಮುಗಿಯುವ ದಿನಾಂಕ ಇರುತ್ತದೆ. ಅದು ಅಪಘಾತ ಕಂಡಿದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದೂ ಇಲ್ಲ. ಪಕ್ಕದ ಕಟಕಟೆ ಕೆಳಗೆ ಜಾರುವ ಮಗುವಿನ ತೊಟ್ಟಿಲು, ಅಂದರೆ ಡ್ರಾಪ್ ಸೈಡ್ ಕ್ರಿಬ್, 2011ರ ಜೂನ್‌ನಿಂದ ಈ ದೇಶದಲ್ಲಿ ಮಾರುವಂತೆಯೇ ಇಲ್ಲ. ಆದರೂ ಹಳೆಯ ಗರಾಜಿನಲ್ಲಿ ಕಣ್ಣಿಗೆ ಬೀಳಬಹುದು. ಹೆಲ್ಮೆಟ್ಟೂ ಹೊಸದೇ ಇರಲಿ. ಹಾಸಿಗೆ, ಬಟ್ಟೆ ಹೊದಿಸಿದ ಸೋಫಾ ಅಂದರೆ ತಿಗಣೆಯ ಭಯ. ಒಮ್ಮೆ ಅಪಾರ್ಟ್‌ಮೆಂಟಿಗೆ ತಿಗಣೆ ಬಂದರೆ ಉಳಿಸಿದ ದುಡ್ಡೆಲ್ಲ ಅದಕ್ಕೇ ಹೋಗುತ್ತದೆ.

ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪುಗಳ ಮೇಲೂ ಕಣ್ಣಿಡಿ. ಊರಿಗೆ ವಾಪಸ್ ಹೊರಟ ಕುಟುಂಬಗಳ ಮೂವಿಂಗ್ ಸೇಲ್‌ನಲ್ಲಿ 110 ವೋಲ್ಟಿನ ಮಿಕ್ಸಿ, 110 ವೋಲ್ಟಿನ ಗ್ರೈಂಡರ್, ಇಡ್ಲಿ ಪಾತ್ರೆ ಸಿಗುತ್ತವೆ. ಊರಿನಲ್ಲಿ 230 ವೋಲ್ಟ್ ಇರುವುದರಿಂದ ಅವರಿಗೆ ಅವು ಅಲ್ಲಿ ಉಪಯೋಗವಿಲ್ಲ, ನಿಮಗೆ ಇಲ್ಲಿ ಬೇಕೇ ಬೇಕು. ಮಾರಲು ಇಟ್ಟಿರುವ ಅಕ್ಕನ ಹತ್ತಿರ ಹಿಟ್ಟು ಹುದುಗಿಸುವ ಉಪಾಯವನ್ನೂ ಕೇಳಿಕೊಳ್ಳಿ. ಇಲ್ಲಿನ ಚಳಿಗಾಲದಲ್ಲಿ ಅದು ಗ್ರೈಂಡರಿನಷ್ಟೇ ಮುಖ್ಯ.

ಇಷ್ಟರಲ್ಲಿ ರುಚಿ ಹತ್ತಿದವರಿಗೆ ದೊಡ್ಡ ಹಬ್ಬ ಆಗಸ್ಟಿನಲ್ಲಿದೆ. 127ನೇ ಹೆದ್ದಾರಿಯ ಯಾರ್ಡ್ ಸೇಲ್ 1987ರಲ್ಲಿ ಶುರುವಾಯಿತು. ಈಗ ಅದು ನಮ್ಮ ಮಿಶಿಗನ್‌ನ ಆಡಿಸನ್‌ನಿಂದ ಅಲಬಾಮಾದ ಗ್ಯಾಡ್ಸ್‌ಡನ್ ತನಕ, 6 ರಾಜ್ಯಗಳಲ್ಲಿ, 690 ಮೈಲಿ ಉದ್ದಕ್ಕೂ ನಡೆಯುತ್ತದೆ. ಆಗಸ್ಟಿನ ಮೊದಲ ಗುರುವಾರದಿಂದ ಭಾನುವಾರದವರೆಗೆ. ಪೂರ್ತಿ ಹೋಗಬೇಕಿಲ್ಲ, ಆಡಿಸನ್‌ನಿಂದ ಒಹಾಯೋ ಗಡಿ ದಾಟುವ ತನಕ ಹೋದರೂ ದಿನ ಸಾಲದು. ಡಿಕ್ಕಿ ಖಾಲಿ ಮಾಡಿಕೊಂಡು, ಚಿತ್ರಾನ್ನ ಕಟ್ಟಿಕೊಂಡು ಬೆಳಗ್ಗೆ ಬೇಗ ಹೊರಡಿ.